ಬೆಂಗಳೂರಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದದ್ದು: ಹೂಡಿಕೆ ಒಪ್ಪಂದಗಳನ್ನು ಓದಿದವರು ಯಾರಾದರೂ ಇದ್ದೀರಾ?

ಹಳೆಯ ಕಡತ:

2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರತಿವಾದಿ ನಮ್ಮ ಆಂಟ್ರಿಕ್ಸ್, ಇಸ್ರೋದ ವಾಣಿಜ್ಯ ಅಂಗ. ಎದುರಿಗೆ ದೇವಾಸ್ ಮಲ್ಟಿಮೀಡಿಯಾ ಎಂಬ ಖಾಸಗಿ ಕಂಪನಿ ಮತ್ತು ಅದರ ಮಾರಿಷಸ್ ಷೇರುದಾರರು. ಆಂಟ್ರಿಕ್ಸ್ ಇರುವುದು ಬೆಂಗಳೂರಿನಲ್ಲಿ, ದೇವಾಸ್ ಇದ್ದದ್ದೂ ಬೆಂಗಳೂರಿನಲ್ಲಿ. 2005ರ ಜನವರಿಯಲ್ಲಿ ಇಬ್ಬರೂ ಒಂದು ಕರಾರಿಗೆ ಸಹಿ ಹಾಕಿದ್ದರು. ಎರಡು ಉಪಗ್ರಹಗಳಲ್ಲಿ ಎಸ್ ಬ್ಯಾಂಡ್ ಎಂಬ ತರಂಗಾಂತರದಲ್ಲಿ ಸಂಕೇತ ರವಾನಿಸುವ ಟ್ರಾನ್ಸ್‌ಪಾಂಡರ್‌ಗಳಲ್ಲಿ ಶೇ 90ರಷ್ಟು ದೇವಾಸ್‌ಗೆ ಎಂಬುದು ಅದರ ತಿರುಳು. 2011ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಅದನ್ನು ಮುರಿದುಹಾಕಿತು. ಹದಿನಾಲ್ಕು ವರ್ಷಗಳ ನಂತರ, ವಿದೇಶಿ ಸರ್ಕಾರದ ಕಂಪನಿಗೆ ಅಮೆರಿಕದೊಂದಿಗೆ ಹೇಳಿಕೊಳ್ಳುವಂಥ ನಂಟು ಇಲ್ಲದಿದ್ದರೂ ಅಲ್ಲಿನ ಕಾಯ್ದೆಯಡಿ ಅದನ್ನು ಅಲ್ಲಿನ ಕೋರ್ಟಿಗೆ ಎಳೆಯಬಹುದು ಎಂದು ಅಲ್ಲಿನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ನಾನು ಒಂದು ಸಾರ್ವಜನಿಕ ಉದ್ದಿಮೆಯ ಕಾನೂನು ವಿಭಾಗದಲ್ಲಿ ಮೂವತ್ತೊಂದು ವರ್ಷ ಕಡತಗಳಿಗೆ ಕೆಂಪು ದಾರ ಕಟ್ಟಿದವನು. ನಿವೃತ್ತಿಯ ಬಿಡುವಿನಲ್ಲಿ ಇಂಥ ಪ್ರಕರಣಗಳನ್ನು ಕೆದಕುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂಟ್ರಿಕ್ಸ್ ಅಲ್ಲ, ಅದಕ್ಕಿಂತ ಹಿಂದಿನ, ಹಣದ ಲೆಕ್ಕದಲ್ಲಿ ತೀರಾ ಚಿಕ್ಕದಾದ ಒಂದು ಪ್ರಕರಣ.

ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿ. 1989ರಲ್ಲಿ ಕೋಲ್ ಇಂಡಿಯಾದೊಂದಿಗೆ ಕರಾರು ಮಾಡಿಕೊಂಡು ಈಗಿನ ಜಾರ್ಖಂಡ್‌ನ ಪಿಪರ್‌ವಾರ್‌ನಲ್ಲಿ ತೆರೆದ ಕಲ್ಲಿದ್ದಲು ಗಣಿ ಸಿದ್ಧಪಡಿಸಿಕೊಟ್ಟಿತು. ಬೋನಸ್ ಎಷ್ಟು, ದಂಡ ಎಷ್ಟು ಎಂಬಲ್ಲಿ ತಕರಾರು ಬಂತು. ಮಧ್ಯಸ್ಥಗಾರರು 2002ರಲ್ಲಿ ಕಂಪನಿಯ ಪರ ಐತೀರ್ಪು ಕೊಟ್ಟರು: ನಲವತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಕೋಲ್ ಇಂಡಿಯಾ ಅದನ್ನು ರದ್ದುಪಡಿಸಲು ಕಲ್ಕತ್ತಾ ಹೈಕೋರ್ಟಿಗೆ ಹೋಯಿತು, ಕಂಪನಿ ಜಾರಿಗೊಳಿಸಲು ದೆಹಲಿ ಹೈಕೋರ್ಟಿಗೆ ಹೋಯಿತು. ಕಲ್ಕತ್ತಾದಲ್ಲಿ ವಿಚಾರಣೆ ನಡೆಯಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಏರಿ ಅಲ್ಲಿ ಕೂತಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ನಾವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಕಂಪನಿ 2010ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ 1999ರಲ್ಲಿ ಸಹಿ ಹಾಕಿದ್ದ ಹೂಡಿಕೆ ಒಪ್ಪಂದವನ್ನು (ಒಂದು ದೇಶದ ಹೂಡಿಕೆದಾರನಿಗೆ ಇನ್ನೊಂದು ದೇಶ ರಕ್ಷಣೆಯ ಮಾತು ಕೊಡುವ ಕಾಗದ) ಹೊರತೆಗೆದು, ಕೋಲ್ ಇಂಡಿಯಾವನ್ನು ಬದಿಗಿಟ್ಟು, ನೇರವಾಗಿ ಭಾರತ ಸರ್ಕಾರದ ಮೇಲೆಯೇ ಮಧ್ಯಸ್ಥಗಾರರ ಅಂತರರಾಷ್ಟ್ರೀಯ ಮಂಡಳಿಯ ಮುಂದೆ ದಾವೆ ಹೂಡಿತು. ದೂರು ಇಷ್ಟೇ: ನಿಮ್ಮ ನ್ಯಾಯಾಲಯಗಳು ತಡ ಮಾಡಿದವು. 2011ರ ನವೆಂಬರ್ 30ರಂದು ಗೆದ್ದಿತು. ಹೂಡಿಕೆ ಒಪ್ಪಂದದಡಿ ಭಾರತ ಸೋತ ಮೊದಲ ಪ್ರಕರಣ ಅದು.

ಇದರಲ್ಲಿ ಹೊರಗಿನವರ ದರೋಡೆಯನ್ನು ಕಾಣುವವರು ಇದ್ದಾರೆ. ನನಗೆ ಕಾಣುವುದು ಬೇರೆ. ಒಂಬತ್ತು ವರ್ಷ ಕಾದದ್ದಕ್ಕೆ ಪರಿಹಾರ ಸಿಗುವುದಾದರೆ, ಈ ದೇಶದಲ್ಲಿ ಒಂಬತ್ತು ವರ್ಷ ಕಾದವರೆಲ್ಲರಿಗೂ ಏಕೆ ಸಿಗುವುದಿಲ್ಲ? ಒಂದೇ ಮನೆಗೆ ಎರಡು ಬಾಗಿಲು ಏಕೆ?

ಹುಬ್ಬಳ್ಳಿ ಗುತ್ತಿಗೆದಾರ:

ಹಿರಿಯರೇ, ನಿಮ್ಮ ಕೊನೆಯ ಸಾಲನ್ನು ಓದಿ ಚಹಾದ ಲೋಟ ಕೆಳಗಿಟ್ಟೆ.

ನಾನು ಎರಡನೇ ದರ್ಜೆಯ ಗುತ್ತಿಗೆದಾರ. 2008ರಲ್ಲಿ ಒಂದು ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಮೇಲ್ತೊಟ್ಟಿ ಮತ್ತು ಪೈಪಿನ ಕೆಲಸ ಮಾಡಿದೆ. ಇಲಾಖೆಯ ಹೆಸರು ಬೇಡ, ಇನ್ನೂ ಅಲ್ಲಿಗೇ ಹೋಗಬೇಕು. ಅಗೆಯುವಾಗ ಬಂಡೆ ಬಂತು, ಹೆಚ್ಚುವರಿ ಕೆಲಸಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು, ಅಳತೆ ಪುಸ್ತಕದಲ್ಲಿ ಬರೆದರು, ಬಿಲ್ಲಿನಲ್ಲಿ ಹೊಡೆದು ಹಾಕಿದರು. ಮಧ್ಯಸ್ಥಗಾರರ ಮುಂದೆ ಹೋದೆ. 2014ರಲ್ಲಿ ನನ್ನ ಪರ ಐತೀರ್ಪು ಬಂತು, ಬಡ್ಡಿ ಬಿಟ್ಟು 38 ಲಕ್ಷ. ಇಲಾಖೆ ಅದರ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. ಅಂದಿನಿಂದ ನಾನು ಅಮಲ್ಜಾರಿ ಅರ್ಜಿ ಹಿಡಿದುಕೊಂಡು ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದೇನೆ. ನಾಲ್ಕು ಸರ್ಕಾರಿ ವಕೀಲರು ಬದಲಾದರು. ಟಿಪ್ಪರ್ ಮಾರಿದೆ. ಮಗಳ ಮದುವೆ ಆ ಹಣದಲ್ಲಿ ಮಾಡಬೇಕೆಂದಿದ್ದೆ, ಈಗ ಮೊಮ್ಮಗ ಒಂದನೇ ತರಗತಿಗೆ ಹೋಗುತ್ತಾನೆ.

ವೈಟ್ ಕಂಪನಿಯ ಕಥೆಯಲ್ಲಿ ಕಲ್ಲಿದ್ದಲಿನ ಜಾಗಕ್ಕೆ ನೀರು, ಕಲ್ಕತ್ತಾದ ಜಾಗಕ್ಕೆ ನಮ್ಮ ಊರು ಹಾಕಿದರೆ ಅದು ನನ್ನ ಕಥೆ. ನಾನು ಯಾವ ದೇಶದ ಒಪ್ಪಂದ ಹೊರತೆಗೆಯಲಿ?

ದುಬೈ ಕನ್ನಡಿಗ:

ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಿಮಗೆ ನ್ಯಾಯ ಸಿಗಲಿಲ್ಲವೆಂದು ಹೊರಗಿನವರಿಗೂ ಸಿಗಬಾರದು ಎಂದು ಯಾರಾದರೂ ಇಲ್ಲಿ ವಾದ ತೆಗೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ.

ಹಣ ಹಾಕುವವನು ಮೊದಲು ನೋಡುವುದು ಲಾಭವನ್ನಲ್ಲ, ಹೊರಗೆ ಬರುವ ದಾರಿಯನ್ನು. ವೊಡಾಫೋನ್ ನೆನಪಿಸಿಕೊಳ್ಳಿ. 2007ರಲ್ಲಿ ಅವರು ಹಚಿಸನ್‌ನಿಂದ ಕೇಮನ್ ದ್ವೀಪದ ಒಂದು ಕಂಪನಿಯನ್ನು ಸುಮಾರು 1,100 ಕೋಟಿ ಡಾಲರ್‌ಗೆ ಕೊಂಡರು, ಅದರ ಮೂಲಕ ಇಲ್ಲಿನ ಮೊಬೈಲ್ ವ್ಯವಹಾರ ಅವರಿಗೆ ಬಂತು. ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತು. 2012ರ ಜನವರಿಯಲ್ಲಿ ನಮ್ಮದೇ ಸುಪ್ರೀಂ ಕೋರ್ಟ್ ತೆರಿಗೆ ಕಟ್ಟಬೇಕಿಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ, ಅದು 1962ರಿಂದಲೇ ಹಾಗೆ ಇತ್ತು ಎಂದುಬಿಟ್ಟಿತು! ಐವತ್ತು ವರ್ಷ ಹಿಂದಕ್ಕೆ! ಪಂದ್ಯ ಮುಗಿದು ಕಪ್ಪು ಕೈಗೆ ಬಂದ ಮೇಲೆ ಬೌಂಡರಿ ಗೆರೆಯನ್ನು ಹಿಂದಕ್ಕೆ ಸರಿಸಿದ ಹಾಗೆ. 2020ರ ಸೆಪ್ಟೆಂಬರ್‌ನಲ್ಲಿ ಮಧ್ಯಸ್ಥಿಕೆ ಮಂಡಳಿ, ಇದು ಭಾರತ ಮತ್ತು ನೆದರ್ಲೆಂಡ್ಸ್ ಒಪ್ಪಂದಕ್ಕೆ ವಿರುದ್ಧ ಎಂದಿತು. ಅದರಲ್ಲಿ ತಪ್ಪೇನು? ಆಂಟ್ರಿಕ್ಸ್ ಪ್ರಕರಣವೂ ಅದೇ ಜಾತಿಯದ್ದು.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಈ ಬಾಗಿಲು ನಮ್ಮವರಿಗೂ ತೆರೆದಿದೆ. ಫ್ಲೆಮಿಂಗೊ ಎಂಬ ಭಾರತೀಯ ಕಂಪನಿಯ ಡ್ಯೂಟಿ ಫ್ರೀ ಅಂಗಡಿಗಳು ವಾರ್ಸಾ ವಿಮಾನ ನಿಲ್ದಾಣದಲ್ಲಿದ್ದವು. ಅಲ್ಲಿನವರು ಬಾಡಿಗೆ ಕರಾರು ಮುರಿದು ಎಬ್ಬಿಸಿದರು. ಭಾರತ ಮತ್ತು ಪೋಲೆಂಡ್ ಒಪ್ಪಂದ ಹಿಡಿದು ಹೋದ ಫ್ಲೆಮಿಂಗೊ 2016ರಲ್ಲಿ ಗೆದ್ದಿತು. ಎಲ್ಲರೂ ಗೆಲ್ಲುತ್ತಾರೆಂದಲ್ಲ. ಒಡಿಶಾದ ಫೆರೋ ಅಲಾಯ್ಸ್ ಕಂಪನಿಯೊಂದು ಇಂಡೊನೇಷ್ಯಾದ ಮೇಲೆ ಹೋಗಿ ಸೋತಿತು. ಕೇಳಲು ಒಂದು ಜಾಗವಾದರೂ ಇತ್ತಲ್ಲ.

ಕೆಂಪುಮಣ್ಣು:

ಕೇಳಲು ಜಾಗ ಇತ್ತು, ಸರಿ. ಯಾರಿಗೆ ಇತ್ತು ಎಂಬುದೇ ಪ್ರಶ್ನೆ. ಈ ಒಪ್ಪಂದಗಳಲ್ಲಿ ದಾವೆ ಹೂಡುವ ಹಕ್ಕು ಹೂಡಿಕೆದಾರನಿಗೆ ಮಾತ್ರ. ಅವನ ಕಾರ್ಖಾನೆಯಿಂದ ಕೆರೆ ಕೆಟ್ಟ ಊರಿನವರು ಅದೇ ಮಂಡಳಿಯ ಮೆಟ್ಟಿಲು ಹತ್ತಲಾರರು. ಮೂವರು ಮಧ್ಯಸ್ಥಗಾರರು, ಒಬ್ಬೊಬ್ಬರನ್ನು ಒಂದೊಂದು ಪಕ್ಷ ಆರಿಸುತ್ತದೆ. ಇಂದು ತೀರ್ಪು ಹೇಳಿದ ವಕೀಲ ನಾಳೆ ಮತ್ತೊಂದು ಪ್ರಕರಣದಲ್ಲಿ ಕಂಪನಿಯ ಪರ ವಾದಿಸಬಹುದು. ಮೇಲ್ಮನವಿ ಇಲ್ಲ.

ಉರುಗ್ವೆ ಎಂಬ ದೇಶ ಗೊತ್ತಲ್ಲ, ಜನಸಂಖ್ಯೆ ಮೂವತ್ತೈದು ಲಕ್ಷದ ಆಸುಪಾಸು, ನಮ್ಮ ಬೆಂಗಳೂರಿನ ಮೂರರಲ್ಲಿ ಒಂದು ಪಾಲೂ ಇಲ್ಲ. ಸಿಗರೇಟು ಪೊಟ್ಟಣದ ಶೇ 80 ಭಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕೆಂದು ನಿಯಮ ಮಾಡಿತು. ಸಿಗರೇಟು ಕಂಪನಿ ಫಿಲಿಪ್ ಮಾರಿಸ್ 2010ರಲ್ಲಿ ದಾವೆ ಹೂಡಿತು. ಆಧಾರ, ಸ್ವಿಟ್ಜರ್ಲೆಂಡ್ ಜೊತೆಗಿನ ಒಪ್ಪಂದ. ಉರುಗ್ವೆ ಗೆದ್ದಿತು, ನಿಜ, 2016ರ ಜುಲೈನಲ್ಲಿ. ಆರು ವರ್ಷ. ಅಮೆರಿಕದ ಶ್ರೀಮಂತ ಬ್ಲೂಮ್‌ಬರ್ಗ್ ಅವರ ದತ್ತಿಸಂಸ್ಥೆ ನೆರವಿಗೆ ಬಂತು. ದತ್ತಿ ಸಿಗದ ದೇಶ ಏನು ಮಾಡುತ್ತದೆ? ನಿಯಮವನ್ನೇ ಮಾಡದೆ ಸುಮ್ಮನಿರುತ್ತದೆ. ಗೆದ್ದ ಸೋತ ಲೆಕ್ಕ ಹಿಡಿದು ಕೂತರೆ, ಈ ಹೆದರಿಕೆಯಿಂದ ಹುಟ್ಟದೇ ಹೋದ ನಿಯಮಗಳ ಲೆಕ್ಕ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಅದೇ ಕಂಪನಿಯ ಹಾಂಗ್‌ಕಾಂಗ್ ಶಾಖೆ ಆಸ್ಟ್ರೇಲಿಯಾದ ಮೇಲೆ ಹೋದ ಕಥೆ ಇನ್ನೂ ಚೆನ್ನ. ಸಿಗರೇಟಿಗೆ ಲಾಂಛನವಿಲ್ಲದ ಸಾದಾ ಪೊಟ್ಟಣದ ಕಾನೂನು ಬರುತ್ತಿದೆ ಎಂದು ತಿಳಿದ ಮೇಲೆ, 2011ರಲ್ಲಿ, ಆಸ್ಟ್ರೇಲಿಯಾದ ವ್ಯವಹಾರದ ಷೇರುಗಳನ್ನು ಹಾಂಗ್‌ಕಾಂಗ್‌ನ ಹೆಸರಿಗೆ ಬದಲಿಸಿಕೊಂಡು ನಂತರ ಒಪ್ಪಂದದ ಬಾಗಿಲು ತಟ್ಟಿತು. ಇದು ಹಕ್ಕಿನ ದುರುಪಯೋಗ ಎಂದು ಮಂಡಳಿಯೇ 2015ರಲ್ಲಿ ತಳ್ಳಿಹಾಕಿತು.

ನಮ್ಮಲ್ಲಿಯೂ ಶೇ 85ರ ಎಚ್ಚರಿಕೆ ಚಿತ್ರದ ನಿಯಮ ಬಂದಾಗ ತಂಬಾಕು ಕಂಪನಿಗಳು ಜಗಳ ಮಾಡಿದವು. ಎಲ್ಲಿ? ಕರ್ನಾಟಕ ಹೈಕೋರ್ಟಿನಲ್ಲಿ. 2017ರ ಡಿಸೆಂಬರ್‌ನಲ್ಲಿ ನಿಯಮ ಬಿದ್ದುಹೋಯಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದು ನಮ್ಮ ಕೋರ್ಟು, ನಮ್ಮ ಸಂವಿಧಾನ, ನಮ್ಮ ಜಗಳ. ಹಾಗೆ ಇರಬೇಕು.

ಕಾನೂನು ವಿದ್ಯಾರ್ಥಿನಿ:

ದುಬೈ ಕನ್ನಡಿಗರೇ, ಒಂದು ತಿದ್ದುಪಡಿ. ಆಂಟ್ರಿಕ್ಸ್ ಪ್ರಕರಣವನ್ನು ವೊಡಾಫೋನ್ ಜೊತೆ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಅಲ್ಲಿ ಮೂರು ಬೇರೆ ಬೇರೆ ಎಳೆಗಳಿವೆ, ಪತ್ರಿಕೆಗಳೂ ಕಲಸಿಬಿಡುತ್ತವೆ.

ಮೊದಲನೆಯದು ಕರಾರಿನ ಜಗಳ, ದೇವಾಸ್ ಮತ್ತು ಆಂಟ್ರಿಕ್ಸ್ ನಡುವೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆಯಲ್ಲಿ 2015ರಲ್ಲಿ 56.25 ಕೋಟಿ ಡಾಲರ್ ಕೊಡಬೇಕೆಂದಾಯಿತು. ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದದ್ದು ಇದು. ಇದಕ್ಕೂ ಹೂಡಿಕೆ ಒಪ್ಪಂದಕ್ಕೂ ಸಂಬಂಧವಿಲ್ಲ. ಎರಡನೆಯದು ಮಾರಿಷಸ್ ಷೇರುದಾರರು ಭಾರತದ ಮೇಲೆ ಮಾರಿಷಸ್ ಒಪ್ಪಂದದಡಿ ಹೂಡಿದ್ದು. ಮೂರನೆಯದು ದೇವಾಸ್ ಕಂಪನಿಯಲ್ಲಿ ಹಣ ಹಾಕಿದ್ದ ಜರ್ಮನಿಯ ಡಾಯ್ಚ ಟೆಲಿಕಾಂ ಜರ್ಮನಿಯ ಒಪ್ಪಂದದಡಿ ಹೂಡಿದ್ದು.

ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಘಟನೆ ಒಂದೇ, ಸಂಪುಟ ಸಮಿತಿಯ ನಿರ್ಧಾರ ಒಂದೇ, ಭಾರತದ ಸಮರ್ಥನೆಯೂ ಒಂದೇ: ಆ ತರಂಗಾಂತರ ಸೇನೆಗೆ ಬೇಕು. ಮಾರಿಷಸ್ ಪ್ರಕರಣದ ಮಂಡಳಿ, ಶೇ 60 ಭಾಗ ದೇಶದ ಭದ್ರತೆಗೆ ಬೇಕಿತ್ತೆಂದು ಒಪ್ಪಿ, ಉಳಿದ ಶೇ 40ಕ್ಕೆ ಮಾತ್ರ ಪರಿಹಾರ ಕೊಡಿ ಎಂದಿತು. ಜರ್ಮನಿ ಪ್ರಕರಣದ ಮಂಡಳಿ ಭದ್ರತೆಯ ಸಮರ್ಥನೆಯನ್ನೇ ಒಪ್ಪಲಿಲ್ಲ. 2020ರಲ್ಲಿ ಒಂದರಲ್ಲಿ ಸುಮಾರು 11 ಕೋಟಿ ಡಾಲರ್, ಇನ್ನೊಂದರಲ್ಲಿ ಸುಮಾರು 9.3 ಕೋಟಿ ಡಾಲರ್, ಎರಡಕ್ಕೂ ಬಡ್ಡಿ ಬೇರೆ. ಒಂದೇ ಪ್ರಶ್ನೆಗೆ ಎರಡು ಉತ್ತರ, ಯಾವುದು ಸರಿ ಎಂದು ಹೇಳುವ ಮೇಲಿನ ಪೀಠ ಇಲ್ಲ. ಕೆಂಪುಮಣ್ಣು ಅವರ ಬೇರೆಲ್ಲ ಮಾತು ನನಗೆ ಒಪ್ಪಿಗೆಯಿಲ್ಲ, ಇದೊಂದು ಒಪ್ಪಿಗೆ.

ಮುಂದಿನದನ್ನೂ ಹೇಳಬೇಕು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದೇವಾಸ್ ಅನ್ನು ಮುಚ್ಚಲು ಆದೇಶಿಸಿತು. ಕರಾರೇ ವಂಚನೆಯಿಂದ ಹುಟ್ಟಿದ್ದು ಎಂಬುದು ಕಾರಣ. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ 56.25 ಕೋಟಿಯ ಐತೀರ್ಪನ್ನೇ ರದ್ದು ಮಾಡಿತು. ನಮ್ಮ ನೆಲದಲ್ಲಿ ಆ ಐತೀರ್ಪು ಸತ್ತಿದೆ, ಹೊರಗೆ ಜೀವಂತವಾಗಿ ಓಡಾಡುತ್ತಿದೆ. ನಮ್ಮ ಪ್ರಾಧ್ಯಾಪಕರು ಇದನ್ನು ವಿವರಿಸಿದ ದಿನ ತರಗತಿಯಲ್ಲಿ ಯಾರೂ ಊಟದ ಗಂಟೆಗೆ ಏಳಲಿಲ್ಲ.

ವೈಟ್ ಪ್ರಕರಣದ ಬಗ್ಗೆಯೂ ಒಂದು ಸೂಕ್ಷ್ಮ. ಆ ಮಂಡಳಿ ನಮ್ಮ ನ್ಯಾಯಾಲಯಗಳು ನ್ಯಾಯವನ್ನು ನಿರಾಕರಿಸಿದವು ಎಂದು ಹೇಳಲಿಲ್ಲ. ಆ ವಾದವನ್ನು ತಳ್ಳಿಹಾಕಿತು. ಕುವೈತ್ ಜೊತೆಗಿನ ನಮ್ಮ ಒಪ್ಪಂದದಲ್ಲಿ, ಹಕ್ಕು ಸಾಧಿಸಿಕೊಳ್ಳಲು ಪರಿಣಾಮಕಾರಿ ದಾರಿ ಒದಗಿಸಬೇಕು ಎಂಬ ಸಾಲಿತ್ತು. ಆಸ್ಟ್ರೇಲಿಯಾ ಒಪ್ಪಂದದಲ್ಲಿ ಅದು ಇರಲಿಲ್ಲ, ಪರಮಾಪ್ತ ರಾಷ್ಟ್ರದ ಷರತ್ತು ಇತ್ತು. ಪಕ್ಕದ ಮನೆಯವರಿಗೆ ಕೊಟ್ಟ ಮಾತನ್ನು ನನಗೂ ಕೊಡು ಎಂದು ಕಂಪನಿ ಕೇಳಿತು, ಮಂಡಳಿ ಹೂಂ ಎಂದಿತು. ಕುವೈತ್‌ಗೆ ಬರೆದ ಒಂದು ಸಾಲಿಗೆ ಸಿಡ್ನಿಯವರು ಬಿಲ್ಲು ಕಳಿಸಿದರು.

ಹಳೆಯ ಕಡತ:

ತಾಯಿ, ಮೂರು ಎಳೆಗಳನ್ನು ಬಿಡಿಸಿಟ್ಟಿದ್ದಕ್ಕೆ ಉಪಕಾರವಾಯಿತು. ಮೇಲೆ ನಾನೂ ಆಂಟ್ರಿಕ್ಸ್ ಹೇಳಿ ಒಪ್ಪಂದಕ್ಕೆ ಜಿಗಿದಿದ್ದೆ, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕುವೈತ್ ಸಾಲಿನ ವಿಷಯ ನನಗೆ ನಿದ್ದೆ ಕೆಡಿಸುವಂಥದ್ದು. ಅದನ್ನು ಬರೆದ ಗುಮಾಸ್ತನಿಗಾಗಲಿ, ಸಹಿ ಹಾಕಿದವರಿಗಾಗಲಿ ಪಿಪರ್‌ವಾರ್ ಕನಸಿನಲ್ಲಿಯೂ ಬಂದಿರಲಿಕ್ಕಿಲ್ಲ.

ಇಲ್ಲಿ ಹಿನ್ನೆಲೆ ಸ್ವಲ್ಪ ಹೇಳಬೇಕು. ಇಂಥ ಮೊದಲ ಒಪ್ಪಂದ 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆಯಿತು. 1964ರಲ್ಲಿ ಟೋಕಿಯೋದ ವಿಶ್ವಬ್ಯಾಂಕ್ ಸಭೆಯಲ್ಲಿ ಹೂಡಿಕೆ ವಿವಾದಗಳಿಗೆಂದೇ ಒಂದು ಕೇಂದ್ರ ಕಟ್ಟುವ ಪ್ರಸ್ತಾವ ಬಂದಾಗ ಲ್ಯಾಟಿನ್ ಅಮೆರಿಕದ ದೇಶಗಳು ಒಟ್ಟಾಗಿ ಬೇಡ ಎಂದವು. ಕೇಂದ್ರ ಹೇಗೂ 1966ರಲ್ಲಿ ಬಂತು. ವಿಚಿತ್ರವೆಂದರೆ ಅಂದು ಬೇಡ ಎಂದ ಅರ್ಜೆಂಟೀನಾ, 2001ರ ಆರ್ಥಿಕ ಕುಸಿತದ ನಂತರ ಅದೇ ಕೇಂದ್ರದಲ್ಲಿ ಅತಿ ಹೆಚ್ಚು ದಾವೆಗಳಿಗೆ ಉತ್ತರ ಕೊಡಬೇಕಾಯಿತು. ಭಾರತ ಇಂದಿಗೂ ಆ ಕೇಂದ್ರದ ಸದಸ್ಯನಲ್ಲ. ಹಾಗೆಂದು ಹೊರಗೂ ಉಳಿಯಲಿಲ್ಲ. 1991ರ ಬಿಕ್ಕಟ್ಟಿನಲ್ಲಿ ಚಿನ್ನ ಒತ್ತೆಯಿಟ್ಟ ದೇಶ, 1994ರಲ್ಲಿ ಬ್ರಿಟನ್ ಜೊತೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಆಮೇಲೆ ಒಂದರ ಹಿಂದೆ ಒಂದು, ಎಂಬತ್ತರ ಸಮೀಪಕ್ಕೆ ಹೋದವು.

ಇವುಗಳಲ್ಲಿ ಒಂದನ್ನಾದರೂ ಸಂಸತ್ತು ಅನುಮೋದಿಸಬೇಕಾಗಿರಲಿಲ್ಲ. ನಮ್ಮಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವುದು ಕಾರ್ಯಾಂಗದ ಅಧಿಕಾರ. ಗ್ರಾಮ ಪಂಚಾಯಿತಿ ಒಂದು ಚರಂಡಿಗೆ ನಿರ್ಣಯ ಮಾಡಬೇಕು, ಇದಕ್ಕೆ ಬೇಡ. ವಿದೇಶಿ ಗಣ್ಯರು ಬಂದಾಗ ಸಹಿ ಹಾಕಲು ಏನಾದರೊಂದು ಕಾಗದ ಬೇಕಿತ್ತು, ಇದು ಕೈಗೆ ಸಿಗುವ ಕಾಗದವಾಗಿತ್ತು ಎಂದು ನನ್ನ ಊಹೆ. ದಾಖಲೆ ಕೇಳಬೇಡಿ, ಮೂವತ್ತೊಂದು ವರ್ಷ ಕಚೇರಿಯಲ್ಲಿ ಕಾಗದಗಳು ಹುಟ್ಟುವುದನ್ನು ನೋಡಿದವನ ಊಹೆ.

ಬಳ್ಳಾರಿ ಬಿಸಿಲು:

ಪಾಕಿಸ್ತಾನದ ಹೆಸರು ಬಂತಲ್ಲ, ರೆಕೊ ಡಿಕ್ ಬಗ್ಗೆ ಯಾರೂ ಬರೆಯಲಿಲ್ಲ. ಗಣಿ ಊರಿನವನಾದ್ದರಿಂದ ನಾನೇ ಬರೆಯುತ್ತೇನೆ.

ಬಲೂಚಿಸ್ತಾನದ ಮರುಭೂಮಿಯಲ್ಲಿ ತಾಮ್ರ ಮತ್ತು ಚಿನ್ನದ ದೊಡ್ಡ ನಿಕ್ಷೇಪ. ಕೆನಡಾದ ಬ್ಯಾರಿಕ್ ಮತ್ತು ಚಿಲಿಯ ಆಂಟೊಫಗಾಸ್ತಾ ಸೇರಿ ಹುಡುಕಾಟ ನಡೆಸಿದವು. 2011ರಲ್ಲಿ ಪ್ರಾಂತೀಯ ಸರ್ಕಾರ ಗಣಿ ಗುತ್ತಿಗೆ ಕೊಡಲಿಲ್ಲ. 2013ರ ಜನವರಿಯಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಮೂಲ ಕರಾರೇ ಅಸಿಂಧು ಎಂದಿತು. 2019ರ ಜುಲೈ 3ರಂದು ಅಂತರರಾಷ್ಟ್ರೀಯ ಹಣಕಾಸು ನಿಧಿ ಪಾಕಿಸ್ತಾನಕ್ಕೆ 39 ತಿಂಗಳಿಗೆ 600 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಜುಲೈ 12ರಂದು ಮಧ್ಯಸ್ಥಿಕೆ ಮಂಡಳಿ ಪಾಕಿಸ್ತಾನ ಬಡ್ಡಿ ಸೇರಿ 580 ಕೋಟಿಗೂ ಹೆಚ್ಚು ಡಾಲರ್ ಪರಿಹಾರ ಕೊಡಬೇಕು ಎಂದಿತು. ನಡುವೆ ಒಂಬತ್ತು ದಿನ. ಕಂಪನಿ ಒಂದು ಬುಟ್ಟಿ ಅದಿರನ್ನೂ ತೆಗೆದು ಮಾರಿರಲಿಲ್ಲ. ಮುಂದೆ ಐವತ್ತು ಚಿಲ್ಲರೆ ವರ್ಷ ಗಣಿ ನಡೆದಿದ್ದರೆ ಎಷ್ಟು ಲಾಭ ಬರುತ್ತಿತ್ತು ಎಂದು ಲೆಕ್ಕ ಹಾಕಿದ ಹಣ ಅದು. ಕೊನೆಗೆ 2022ರಲ್ಲಿ ರಾಜಿ: ಬ್ಯಾರಿಕ್‌ಗೆ ಅರ್ಧ, ಪಾಕಿಸ್ತಾನದ ಕೇಂದ್ರದ ಕಂಪನಿಗಳಿಗೆ ಕಾಲು, ಬಲೂಚಿಸ್ತಾನಕ್ಕೆ ಕಾಲು. ಓಡಿಸಿದವರನ್ನೇ ಕರೆದು ಮಣೆ ಹಾಕಿದರು.

ಈಗ ನಮ್ಮ ಊರಿಗೆ ಬನ್ನಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು ಸಂಪೂರ್ಣ ರದ್ದು ಮಾಡಿತು. ಬಲೂಚಿಸ್ತಾನದ ತೀರ್ಪು ಬಂದು ಮೂರೇ ತಿಂಗಳು. ನಮ್ಮ ಗಣಿ ಮಾಲೀಕರು ಊರಿನವರಾಗಿದ್ದರು, ಆದ್ದರಿಂದ ತೆಪ್ಪಗಾದರು. ಆ ಗುತ್ತಿಗೆಗಳು ಮಾರಿಷಸ್‌ನ ಯಾವುದೋ ಕಂಪನಿಯ ಹೆಸರಿನಲ್ಲಿದ್ದಿದ್ದರೆ? ಕೆಂಪು ದೂಳು ಕುಡಿದವರು ನಾವು, ಪರಿಹಾರ ಅವರಿಗೆ ಹೋಗುತ್ತಿತ್ತೋ ಏನೋ. ಇದು ಬರೀ ಹೆದರಿಕೆಯಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಪರವಾನಗಿಗಳನ್ನು ರದ್ದು ಮಾಡಿದ ತಿಂಗಳೇ ರಷ್ಯಾದ ಸಿಸ್ಟೆಮಾ ಕಂಪನಿ ಹೂಡಿಕೆ ಒಪ್ಪಂದದಡಿ ನೋಟಿಸ್ ಕಳಿಸಿತ್ತು.

ದುಬೈ ಕನ್ನಡಿಗ:

ಬಳ್ಳಾರಿಯವರೇ, ನಿಮ್ಮ ‘ಇದ್ದಿದ್ದರೆ’ಗೆ ಒಂದು ಮಾತು. ಅಕ್ರಮವಾಗಿ ಅಗೆದವನಿಗೆ ರಕ್ಷಣೆ ಕೊಡಬೇಕೆಂದು ಯಾವ ಒಪ್ಪಂದವೂ ಹೇಳುವುದಿಲ್ಲ. ಫಿಲಿಪ್ ಮಾರಿಸ್ ಎರಡು ಕಡೆಯೂ ಬರಿಗೈಯಲ್ಲಿ ಹೋಯಿತು ಎಂದು ಕೆಂಪುಮಣ್ಣು ಅವರೇ ಬರೆದಿದ್ದಾರೆ. ಪದ್ಧತಿ ಅಷ್ಟೊಂದು ಕೆಟ್ಟಿದ್ದರೆ ತಂಬಾಕು ಕಂಪನಿ ಗೆಲ್ಲಬೇಕಿತ್ತಲ್ಲ?

ಕೆಂಪುಮಣ್ಣು:

ಮನೆಗೆ ನುಗ್ಗಿದ ಕಳ್ಳ ಏನೂ ಸಿಗದೆ ಹೋದ ಎಂದ ಮಾತ್ರಕ್ಕೆ ಬೀಗ ಭದ್ರವಾಗಿತ್ತು ಎಂದೇ? ಜರ್ಮನಿಯನ್ನೇ ನೋಡಿ. ಜಪಾನಿನ ಫುಕುಶಿಮಾ ಅಣು ದುರಂತದ ನಂತರ ಅಣು ವಿದ್ಯುತ್ ನಿಲ್ಲಿಸುತ್ತೇವೆ ಎಂದು ಅದರ ಸಂಸತ್ತು ತೀರ್ಮಾನಿಸಿತು. ಸ್ವೀಡನ್ನಿನ ವಿದ್ಯುತ್ ಕಂಪನಿ ವಾಟೆನ್‌ಫಾಲ್ ದಾವೆ ಹೂಡಿತು. 2021ರ ರಾಜಿಯಲ್ಲಿ ಆ ಕಂಪನಿಗೆ 140 ಕೋಟಿಗೂ ಹೆಚ್ಚು ಯೂರೊ ಹೋಯಿತು. ಜರ್ಮನಿ ಮೊದಲ ಒಪ್ಪಂದ ಬರೆದ ದೇಶ, ತಾನು ಹೆಣೆದ ಬಲೆಯಲ್ಲಿ ತಾನೇ.

ಮತ್ತು ಜನರನ್ನೇ ಕೇಳಿದರೆ ಏನು ಹೇಳುತ್ತಾರೆ? ಈಕ್ವೆಡಾರ್ 2024ರ ಏಪ್ರಿಲ್‌ನಲ್ಲಿ ಕೇಳಿತು. ಭದ್ರತೆಯ ಪ್ರಶ್ನೆಗಳಿಗೆಲ್ಲ ಹೌದು ಎಂದ ಮತದಾರರು, ವಿದೇಶಿ ಮಧ್ಯಸ್ಥಿಕೆ ಬೇಕೇ ಎಂಬುದಕ್ಕೆ ಬೇಡ ಎಂದರು.

ಕಾನೂನು ವಿದ್ಯಾರ್ಥಿನಿ:

ಜರ್ಮನಿಯ ವಿಷಯದಲ್ಲಿ ಅರ್ಧ ಮಾತ್ರ ಹೇಳಿದಿರಿ. ಆ ಪರಿಹಾರಕ್ಕೆ ಜರ್ಮನಿಯ ಸ್ವಂತ ಸಾಂವಿಧಾನಿಕ ನ್ಯಾಯಾಲಯದ ತೀರ್ಪೂ ಕಾರಣ. ಅಲ್ಲಿ ದೇಶೀಯ ಕಂಪನಿಗಳಿಗೂ ಪರಿಹಾರ ಸಿಕ್ಕಿತು. ಒಳಬಾಗಿಲು ಸರಿಯಾಗಿ ತೆರೆದರೆ ಹೊರಬಾಗಿಲಿನ ಜಗಳ ತಾನಾಗಿ ಕಡಿಮೆಯಾಗುತ್ತದೆ, ಹಳೆಯ ಕಡತದವರು ಮೊದಲಿಗೆ ಕೇಳಿದ್ದೂ ಅದನ್ನೇ ಅಲ್ಲವೇ.

ಭಾರತ ಮಾಡಿದ್ದು ಬೇರೆ. 2015ರ ಡಿಸೆಂಬರ್‌ನಲ್ಲಿ ಹೊಸ ಮಾದರಿ ಒಪ್ಪಂದವನ್ನು ಒಪ್ಪಿತು. ತೆರಿಗೆ ಹೊರಗೆ, ಪರಮಾಪ್ತ ಷರತ್ತು ಹೊರಗೆ, ಮಂಡಳಿಗೆ ಹೋಗುವ ಮೊದಲು ಭಾರತದ ನ್ಯಾಯಾಲಯಗಳಲ್ಲಿ ಐದು ವರ್ಷ ಪ್ರಯತ್ನಿಸಬೇಕು. ಅದರ ಬೆನ್ನಿಗೇ ಐವತ್ತಕ್ಕೂ ಹೆಚ್ಚು ದೇಶಗಳಿಗೆ ಹಳೆಯ ಒಪ್ಪಂದ ಮುಗಿಯಿತು ಎಂದು ಪತ್ರ ಹೋಯಿತು. ಹೊಸ ಮಾದರಿಗೆ ಸಹಿ ಹಾಕಲು ಬಂದವರು ಬೆರಳೆಣಿಕೆ. 2024ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆ ಒಪ್ಪಂದವಾದಾಗ ಐದು ವರ್ಷ ಮೂರಕ್ಕೆ ಇಳಿಯಿತು. 2025ರ ಬಜೆಟ್‌ನಲ್ಲಿ ಮಾದರಿಯನ್ನು ಹೂಡಿಕೆದಾರರಿಗೆ ಇನ್ನಷ್ಟು ಸ್ನೇಹಿಯಾಗಿ ಬದಲಿಸುತ್ತೇವೆ ಎಂದು ಹಣಕಾಸು ಸಚಿವರೇ ಹೇಳಿದರು. ಹತ್ತು ವರ್ಷದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಡುವೆ ಬಂದು ನಿಂತಿದ್ದೇವೆ.

ಹುಬ್ಬಳ್ಳಿ ಗುತ್ತಿಗೆದಾರ:

ತಂಗಿ, ಐದು ವರ್ಷವೇ? ನನ್ನ ಪ್ರಕರಣದಲ್ಲಿ ಐದು ವರ್ಷದಲ್ಲಿ ಪ್ರತಿವಾದಿಯ ಆಕ್ಷೇಪಣೆ ಮಾತ್ರ ಸಲ್ಲಿಕೆಯಾಯಿತು. ಅರಬರಿಗೆ ಮೂರು, ಉಳಿದವರಿಗೆ ಐದು, ನನಗೆ ಹನ್ನೊಂದು ಆಯಿತು. ಮನೆಗೆ ಮಾರಿ, ಊರಿಗೆ ಉಪಕಾರಿ.

ಮೈಸೂರಿನ ಓದುಗ:

ಎಲ್ಲವನ್ನೂ ಓದಿದೆ. ಸೋತಾಗ ಕಟ್ಟುವ ಹಣ ಯಾರದ್ದು ಎಂದು ಮಾತ್ರ ಕೇಳಬೇಕೆನಿಸಿತು. ಕಾನೂನು ತಿದ್ದಿದ ಸಚಿವರದ್ದಂತೂ ಅಲ್ಲ.

ಹಳೆಯ ಕಡತ:

ಬ್ರಿಟನ್ನಿನ ತೈಲ ಕಂಪನಿ ಕೆಯರ್ನ್ ಪ್ರಕರಣದಲ್ಲಿ ಆ ಪ್ರಶ್ನೆಗೆ ಉತ್ತರ ಇದೆ. ವೊಡಾಫೋನ್‌ಗೆ ಬಂದ ಅದೇ ಪೂರ್ವಾನ್ವಯ ತೆರಿಗೆ, ಅಂದರೆ ಹಿಂದಿನ ವರ್ಷಗಳಿಗೂ ಹಾಕುವ ತೆರಿಗೆ, ಅವರಿಗೂ ಬಂತು. ಇಲಾಖೆ ಅವರ ಷೇರುಗಳನ್ನು ಹಿಡಿದು ಮಾರಿಯೂಬಿಟ್ಟಿತು. 2020ರ ಡಿಸೆಂಬರ್‌ನಲ್ಲಿ 120 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಿ ಎಂದು ಐತೀರ್ಪು ಬಂತು. ನಾವು ಕೊಡಲಿಲ್ಲ. ಆಗ ಅವರು ಮಾಡಿದ್ದು ನಮ್ಮೂರ ಅಮೀನ ಮಾಡುವ ಕೆಲಸವನ್ನೇ: ಆಸ್ತಿ ಎಲ್ಲಿದೆ ಹುಡುಕಿ ಜಪ್ತಿ ಮಾಡುವುದು. ಏರ್ ಇಂಡಿಯಾ ಭಾರತ ಸರ್ಕಾರದ ಇನ್ನೊಂದು ಮುಖ ಎಂದು ನ್ಯೂಯಾರ್ಕ್‌ನಲ್ಲಿ ದಾವೆ ಹಾಕಿದರು. 2021ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಭಾರತ ಸರ್ಕಾರದ ಸುಮಾರು ಇಪ್ಪತ್ತು ಆಸ್ತಿಗಳ ಮೇಲೆ ಫ್ರೆಂಚ್ ನ್ಯಾಯಾಲಯದ ಆದೇಶ ತಂದರು. ಮುಂದಿನ ತಿಂಗಳು, ಆಗಸ್ಟ್‌ನಲ್ಲಿ, ಸಂಸತ್ತು ಪೂರ್ವಾನ್ವಯ ತೆರಿಗೆಯನ್ನು ತೆಗೆದುಹಾಕಿತು. 2022ರ ಫೆಬ್ರುವರಿಯಲ್ಲಿ ಸುಮಾರು 7,900 ಕೋಟಿ ರೂಪಾಯಿ ಖಜಾನೆಯಿಂದ ಹಿಂದಕ್ಕೆ ಹೋಯಿತು.

ಒಂಬತ್ತು ವರ್ಷ ದೇಶದೊಳಗಿನ ತೆರಿಗೆ ತಜ್ಞರು, ಪತ್ರಿಕೆಗಳು, ವಿರೋಧ ಪಕ್ಷದವರು ಹೇಳಿದ್ದು ಕೇಳಿಸಲಿಲ್ಲ. ಪ್ಯಾರಿಸ್‌ನ ಮನೆಯ ಬಾಗಿಲಿಗೆ ಚೀಟಿ ಅಂಟಿದ ಮೇಲೆ ಕೇಳಿಸಿತು. ಆದ್ದರಿಂದ ಕೆಂಪುಮಣ್ಣು ಅವರ ಹಾಗೆ ಈ ಬಾಗಿಲನ್ನು ಮುಚ್ಚಿಬಿಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದುಬೈನವರ ಹಾಗೆ ಇರಲಿ ಬಿಡಿ ಎನ್ನಲೂ ಆಗುವುದಿಲ್ಲ, ಹುಬ್ಬಳ್ಳಿಯವರು ಕಟ್ಟೆಯ ಮೇಲೆ ಕೂತಿದ್ದಾರೆ. ಹೊರಗಿನವನಿಗೆ ಹೆದರಿ ಸರ್ಕಾರ ಸರಿಯಾಗುವುದಾದರೆ, ಅದು ಒಳಗಿನವನಿಗೆ ಹೆದರುವ ವ್ಯವಸ್ಥೆ ಏಕಿಲ್ಲ ಎಂಬಲ್ಲಿಗೆ ನಾನು ಮತ್ತೆ ಬಂದು ನಿಲ್ಲುತ್ತೇನೆ.

ಕಾನೂನು ವಿದ್ಯಾರ್ಥಿನಿ:

ಹುಬ್ಬಳ್ಳಿಯ ಅಣ್ಣಾ, ನಿನ್ನೆಯಿಂದ ನಿಮ್ಮ ವಿಷಯವೇ ತಲೆಯಲ್ಲಿದೆ. ಒಂದು ಕೇಳುತ್ತೇನೆ: ಇಲಾಖೆ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮಿನಡಿ ಐತೀರ್ಪು ರದ್ದು ಕೋರಿ ಅರ್ಜಿ ಹಾಕಿದ ಮೇಲೆ ನ್ಯಾಯಾಲಯ ಪ್ರತ್ಯೇಕವಾಗಿ ತಡೆಯಾಜ್ಞೆ ಕೊಟ್ಟಿದೆಯೇ?

ಮೊದಲಿನ ಕಾನೂನಿನಲ್ಲಿ ಐತೀರ್ಪಿನ ವಿರುದ್ಧ ಅರ್ಜಿ ಹಾಕಿದರೆ ಸಾಕು, ಅದರ ಜಾರಿ ತಾನಾಗಿಯೇ ನಿಂತುಹೋಗುತ್ತಿತ್ತು. 2015ರ ತಿದ್ದುಪಡಿ ಅದನ್ನು ತೆಗೆಯಿತು. ಈಗ ಬೇರೆ ಅರ್ಜಿ ಹಾಕಿ, ಕಾರಣ ಕೊಟ್ಟು ತಡೆ ಪಡೆಯಬೇಕು, ಹಣದ ಐತೀರ್ಪಾದರೆ ಠೇವಣಿ ಇಡುವಂತೆ ನ್ಯಾಯಾಲಯ ಹೇಳಬಹುದು. ಹಳೆಯ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ ಎಂದು 2019ರಲ್ಲಿ ಮತ್ತೊಂದು ತಿದ್ದುಪಡಿ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಂದರೆ 2014ರ ನಿಮ್ಮ ಪ್ರಕರಣಕ್ಕೂ ತಾನಾಗಿ ಬರುವ ತಡೆ ಇಲ್ಲ. ನಾನಿನ್ನೂ ವಿದ್ಯಾರ್ಥಿನಿ, ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹುಬ್ಬಳ್ಳಿ ಗುತ್ತಿಗೆದಾರ:

ತಂಗಿ, ವಕೀಲರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ತಡೆ ಇದೆ ಎಂದೇ ಇಷ್ಟು ದಿನ ತಿಳಿದುಕೊಂಡಿದ್ದೆವು, ಲಿಖಿತ ಆದೇಶ ಇದೆಯೋ ಇಲ್ಲವೋ ಕಡತ ನೋಡಬೇಕು ಎಂದರು. ಮೊದಲ ಮೂರು ವರ್ಷದ ಆರ್ಡರ್ ಶೀಟ್ ಅವರ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಬಂದೆ. ಸೋಮವಾರ ಬನ್ನಿ ಎಂದಿದ್ದಾರೆ.